ಎರ್ರಕುಂಟೆಯ ಕೆಳಗಿನ ಬಸ್ತಿ

ಸುಹಾಸಿನಿಬಾಯಿ ಏನು ಕೆಲಸ ಮಾಡುತ್ತಾರೆಂಬುದು ಅಮೀರ್‌ಪೇಟೆಯ ಅವರ ಗಲ್ಲಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಸೆಕ್ರೆಟರಿಯೇಟ್ ಕಡೆಯ ಬಸ್ಸು ಹಿಡಿಯುತ್ತಾರೆ, ಸರ್ಕಾರಿ ನೌಕರಿ, ಮಳೆಗಾಲದಲ್ಲಿ ಮಾತ್ರ ಸೀರೆಯ ಅಂಚಿಗೆಲ್ಲ ಕೆಸರು ಹತ್ತಿಸಿಕೊಂಡು ಬರುತ್ತಾರೆ. ಇಷ್ಟು ಗೊತ್ತಿತ್ತು. ಎದುರುಮನೆಯ ತೆಲುಗು ಹೆಂಗಸು ಒಮ್ಮೆ ಕೇಳಿಯೇಬಿಟ್ಟಾಗ ತಾಯಿ ಯಮುನಾಬಾಯಿ ತಮ್ಮ ಅರೆಬರೆ ತೆಲುಗಿನಲ್ಲಿ ಏನೋ ಹೇಳಿ ಕಳಿಸಿದರು. ಸಂಜೆ ಮಗಳ ಮುಂದೆ ಅದನ್ನೇ ಕನ್ನಡದಲ್ಲಿ ಒಪ್ಪಿಸಿದರು.

"ನೀರು ಹೆಂಗ ಹರೀತದ ಅಂತ ಇಂಜಿನಿಯರ್ ಹೇಳ್ತಾನ. ಹರೀಲಿಕ್ಕೆ ಬಿಟ್ಟರ ಯಾರಿಗೆ ಎಷ್ಟು ಲುಕ್ಸಾನು, ತಡದರ ಎಷ್ಟು ಖರ್ಚು ಅಂತ ನಮ್ಮ ಸುಹಾಸ ಹೇಳ್ತಾಳ ಅಂದೆ. ಬರೋಬ್ಬರಿ ಹೇಳಿದ್ನಿಲ್ಲೇ?"

"ನಮ್ಮ ಸಾಹೇಬರಿಗಿಂತ ಚಲೋ ಹೇಳೀದಿ ಅವ್ವಾ," ಎಂದು ಸುಹಾಸಿನಿ ನಕ್ಕರು.

ತಂದೆ ಸೇಡಂ ಕಡೆಯವರು. ನಿಜಾಮರ ಕಾಲದಲ್ಲಿ ಕಂದಾಯ ಕಚೇರಿಯ ಗುಮಾಸ್ತರಾಗಿ ಹೈದರಾಬಾದಿಗೆ ಬಂದು, ಹಗಲೆಲ್ಲ ಉರ್ದು ಬರೆದು, ಮನೆಗೆ ಬಂದು ಕನ್ನಡ ಆಡಿಕೊಂಡಿದ್ದವರು. ಐವತ್ತಾರರಲ್ಲಿ ರಾಜ್ಯಗಳ ಗೆರೆ ಹೊಸದಾಗಿ ಎಳೆದಾಗ ಸೇಡಂ ಮೈಸೂರಿನ ಪಾಲಾಯಿತು, ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ಯಾವ ಕಡೆಗೆ ಹೋಗುತ್ತೀರಿ ಎಂದು ಕಚೇರಿಯಲ್ಲಿ ಕೇಳಿದಾಗ ಇಲ್ಲೇ ಇರುತ್ತೇನೆಂದರು. "ಮುಂಜಾನೆ ಗಾಡಿ ಹತ್ತಿದರ ಮಧ್ಯಾಹ್ನಕ್ಕ ಸೇಡಂ. ಊರೇನು ಓಡಿಹೋಗ್ತದ?" ಎಂದು ಹೆಂಡತಿಗೆ ಸಮಾಧಾನ ಹೇಳಿದ್ದರಂತೆ. ಊರು ಓಡಿಹೋಗಲಿಲ್ಲ, ನಿಜ. ಹೋಗಿಬರುವ ಕಾರಣಗಳೇ ಒಂದೊಂದಾಗಿ ಕಡಿಮೆಯಾದವು. ಅಜ್ಜಿ ತೀರಿಕೊಂಡರು. ಹೊಲ ಪಾಲಾಯಿತು. ಮನೆ ದಾಯಾದಿಗಳ ಕೈಗೆ ಹೋಯಿತು. ಸುಹಾಸಿನಿ ಉಸ್ಮಾನಿಯಾದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಯೋಜನಾ ಇಲಾಖೆ ಸೇರಿದ ವರ್ಷವೇ ತಂದೆಯೂ ಹೋದರು.

ಮದುವೆಯ ಮಾತು ಎರಡು ಸಲ ಬಂದಿತ್ತು. ಒಂದು ಅವರಿಗೇ ಬೇಡವಾಯಿತು. ಇನ್ನೊಂದು ಬೇಕಾಗಿತ್ತು, ಆದರೆ ತಾಯಿಯನ್ನು ಜೊತೆಗಿಟ್ಟುಕೊಳ್ಳಲು ಆ ಮನೆಯವರು ಒಪ್ಪಲಿಲ್ಲ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಎಂಬತ್ತಮೂರರ ಮಳೆಗಾಲದಲ್ಲಿ ಸನತ್‌ನಗರದ ಹಿಂದಿನ ಈದುಲ ನಾಲಾ ಉಕ್ಕಿತು. ಮೇಲೆ ಎರ್ರಕುಂಟೆ ಎಂಬ ಹಳೆಯ ಕೆರೆ. ಅದರ ಕೋಡಿಯ ನೀರೇ ಈ ನಾಲೆಯಾಗಿ ಕೆಳಗೆ ಬರುತ್ತಿತ್ತು. ಒಂದು ದಡಕ್ಕೆ ಸಣ್ಣ ಕಾರ್ಖಾನೆಗಳ ಶೆಡ್ಡುಗಳು, ಇನ್ನೊಂದು ದಡಕ್ಕೆ ರೈಲು ಹಳಿಗೆ ಒತ್ತಿಕೊಂಡು ಕೂಲಿಕಾರರ ಬಸ್ತಿ. ಕೆರೆಯ ಒಡ್ಡು ಒಂದು ಕಡೆ ಒಡೆದು, ಬಸ್ತಿಯಲ್ಲಿ ಒಂದು ಕೂಸೂ ಇಬ್ಬರು ಮುದುಕರೂ ಕೊಚ್ಚಿಹೋದರು. ಪೇಪರಿನಲ್ಲಿ ಗದ್ದಲವಾಯಿತು. ನೀರಾವರಿ ಕಡೆಯ ಇಂಜಿನಿಯರ್ ಹನುಮಂತರಾಯರು ನಾಲೆಗೆ ಕಾಂಕ್ರೀಟ್ ಗೋಡೆಯ ಯೋಜನೆ ಬರೆದರು. ಖರ್ಚಿಗೆ ತಕ್ಕ ಲಾಭವಿದೆಯೇ ನೋಡಿ ಎಂದು ಆ ಫೈಲು ಸುಹಾಸಿನಿಯ ಮೇಜಿಗೆ ಬಂತು.

ಅವರು ಓದುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಗೋಡೆ ಇದ್ದದ್ದು ಕಾರ್ಖಾನೆಯ ದಡಕ್ಕೆ ಮಾತ್ರ. ಪ್ರವಾಹದ ನಷ್ಟವನ್ನು ಹಾಳಾದ ಸಾಮಾನಿನ ಬೆಲೆಯಿಂದ ಲೆಕ್ಕ ಹಾಕುವುದು ಆಗಿನ ರೂಢಿ. ಆ ದಡದಲ್ಲಿ ಯಂತ್ರಗಳು ಕೆಟ್ಟಿದ್ದವು, ಮಾಲು ನೆನೆದಿತ್ತು. ಈ ದಡದಲ್ಲಿ ಕೊಚ್ಚಿಹೋದದ್ದು ಪಾತ್ರೆ, ಕೌದಿ, ಜೋಳದ ಚೀಲ. ಬೆಲೆ ಕೂಡಿಸಿದರೆ ಬಸ್ತಿಯ ಕಡೆ ಗೋಡೆ ಕಟ್ಟುವುದು ಗಿಟ್ಟುತ್ತಿರಲಿಲ್ಲ.

ಹನುಮಂತರಾಯರು ರಾಯಚೂರಿನವರು. ಒರಟು ಮಾತು, ನೇರ ಮನುಷ್ಯ. ಸುಹಾಸಿನಿ ಫೈಲು ಹಿಡಿದುಕೊಂಡೇ ಅವರ ಕೋಣೆಗೆ ಹೋದರು.

"ರಾಯರ, ಆ ಕಡೆ ಗೋಡಿ ಕಟ್ಟಿ ಈ ಕಡೆ ಬಿಟ್ಟರ ನೀರು ಎಲ್ಲಿ ಹೋಗ್ತದ?"

"ಎಲ್ಲಿ ಹೋಗ್ತದ? ಬಸ್ತಿಯೊಳಗ ಹೋಗ್ತದ. ಮೊದಲಿಗಿಂತ ಜಾಸ್ತಿ ಹೋಗ್ತದ. ನನಗ ಗೊತ್ತಿಲ್ಲಂತ ತಿಳದೀರೇನು ಬಾಯಾರ? ನಾ ಎರಡೂ ಕಡೆ ಬರದಿದ್ದೆ. ಲೆಕ್ಕಕ್ಕ ನಿಲ್ಲೂದಿಲ್ಲ ಅಂತ ಒಂದನ್ನ ಹೊಡದುಹಾಕಿ ಕಳಿಸ್ಯಾರ."

"ಲೆಕ್ಕ ಯಾರು ಮಾಡಿದ್ದು?"

"ಮತ್ಯಾರು, ನಿಮ್ಮ ಅರ್ಥಶಾಸ್ತ್ರದವರು."

ಸುಹಾಸಿನಿಗೆ ಮುಖ ಬಿಸಿಯಾಯಿತು. ಮರುದಿನ ಮೇಲಧಿಕಾರಿಯ ಹತ್ತಿರ ಹೋಗಿ, ನಷ್ಟವನ್ನು ನಾನೇ ಮನೆಮನೆಗೆ ಹೋಗಿ ಕೇಳಬೇಕು, ಸಮಯ ಬೇಕು ಎಂದರು. ಸಮಯ ಸಿಕ್ಕಿತು.

ಬಸ್ತಿಯ ಮೊದಲ ಸಾಲಿನಲ್ಲಿ ಅವರು ಹಿಂದಿಯಲ್ಲಿ ಕೇಳಿದರು, ತೆಲುಗಿನಲ್ಲಿ ಕೇಳಿದರು. ಯಾರೂ ಸರಿಯಾಗಿ ಬಾಯಿ ಬಿಡಲಿಲ್ಲ. ತಗಡಿನ ಮೇಲೆ ಕೌದಿ ಒಣಹಾಕುತ್ತಿದ್ದ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದಳು: "ಮತ್ತೊಬ್ಬಾಕಿ ಬಂದ್ಲು ನೋಡವ್ವ, ಬರಕೊಂಡು ಹೋಗಾಕ."

"ಬರಕೊಂಡು ಹೋಗ್ತೀನಿ. ಆದ್ರ ಮತ್ತ ಬರ್ತೀನಿ," ಎಂದರು ಸುಹಾಸಿನಿ.

ಹೆಂಗಸು ನಾಲಿಗೆ ಕಚ್ಚಿಕೊಂಡಳು. ಕೌದಿ ಅಲ್ಲೇ ಬಿಟ್ಟು ಹತ್ತಿರ ಬಂದಳು. "ಅಯ್ಯ ಶಿವನ, ನಮ್ಮ ಕಡೆಯವ್ರ! ಯಾವೂರ್ರಿ ಬಾಯಾರ?"

"ಸೇಡಂ," ಎಂದುಬಿಟ್ಟರು ಸುಹಾಸಿನಿ. ಹೇಳಿದ ಮೇಲೆ ಅವರಿಗೇ ಬೆರಗಾಯಿತು. ಹುಟ್ಟಿದ್ದು ಬೆಳೆದದ್ದು ಹೈದರಾಬಾದಿನಲ್ಲಿ. ಈ ಪ್ರಶ್ನೆಗೆ ಇಷ್ಟು ವರ್ಷ ಅವರು ಅಮೀರ್‌ಪೇಟೆಯನ್ನೇ ಹೇಳುತ್ತ ಬಂದಿದ್ದರು.

ಆ ಹೆಂಗಸು ಶಿವದೇವಿ. ಸೇಡಂನಿಂದ ಎರಡು ಹರದಾರಿ ದೂರದ ಹಳ್ಳಿಯವಳು. ಗಂಡ ಮಲ್ಲಣ್ಣ ಗೋದಾಮಿನಲ್ಲಿ ಹಮಾಲಿ. ತಾನು ಔಷಧದ ಸೀಸೆ ತೊಳೆಯುವ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು. ಅವಳು ಜೊತೆಗೆ ನಿಂತ ಮೇಲೆ ಬಸ್ತಿಯ ಬಾಗಿಲುಗಳು ತೆರೆದವು. ಸುಹಾಸಿನಿ ಏನು ಕಳೆದುಹೋಯಿತೆಂದು ಮಾತ್ರ ಕೇಳಲಿಲ್ಲ, ನೀರು ಇಳಿದ ಮೇಲೆ ಏನಾಯಿತೆಂದು ಕೇಳಿದರು. ಎಷ್ಟು ದಿನ ಕೂಲಿ ಇರಲಿಲ್ಲ, ಯಾರಿಗೆ ಜ್ವರ ಬಂತು, ಔಷಧಕ್ಕೆ ಏನು ಮಾರಿದಿರಿ. ಶಿವದೇವಿಯ ಕಿರಿಯ ಮಗಳು ಟೈಫಾಯಿಡ್‌ನಲ್ಲಿ ಮಲಗಿದ್ದಳು. ಅವಳನ್ನು ನೋಡಿಕೊಳ್ಳಲು ಹಿರಿಯವಳನ್ನು ಶಾಲೆ ಬಿಡಿಸಿದ್ದರು.

"ಸಾಲಿ ಬಿಟ್ಟಿದ್ದನ್ನೂ ಬರಕೋತೀರೇನ್ರಿ?"

"ಬರಕೋತೀನಿ. ಅದೂ ನೀರಿನ ಕೂಡನ ಹೋತಲ್ಲ."

ಇಷ್ಟು ಅಪಾಯದ ಜಾಗದಲ್ಲಿ ಯಾಕೆ ಇದ್ದೀರೆಂದು ಕೇಳಿದರೆ ಎಲ್ಲರೂ ಒಂದೇ ಕಡೆ ಕೈ ತೋರುತ್ತಿದ್ದರು. ಸ್ಟೇಷನ್ನು. ವಾಡಿಯಿಂದ ಬರುವ ಪ್ಯಾಸೆಂಜರ್ ಗಾಡಿ ಸನತ್‌ನಗರದಲ್ಲಿ ನಿಲ್ಲುತ್ತಿತ್ತು. ಚಿತ್ತಾಪುರ, ಸೇಡಂ, ತಾಂಡೂರಿನ ಕಡೆಯ ಮಂದಿ ಇಳಿದು, ಹಳಿ ದಾಟಿ, ನೇರ ಬಸ್ತಿಗೇ ಬರುತ್ತಿದ್ದರು. ಕೆಲಸ ಹುಡುಕಿ ಬಂದವರು, ದವಾಖಾನೆಗೆ ಬಂದವರು, ಮಗಳ ಮುಖ ನೋಡಿ ಹೋಗಲು ಬಂದವರು. ಶಿವದೇವಿಯ ಮನೆಯಲ್ಲಿ ಹೊರಗಿನವರೊಬ್ಬರು ಉಣ್ಣದ ದಿನವಿರಲಿಲ್ಲ. ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಸೇಂಗಾ, ಒಣಮೆಣಸಿನಕಾಯಿ, ಒಣಗಿಸಿದ ಕಟಿರೊಟ್ಟಿಯ ಗಂಟು, ಅದಕ್ಕಿಂತ ಹೆಚ್ಚಾಗಿ ಸುದ್ದಿ. ಯಾರ ಎಮ್ಮೆ ಈದಿತು, ಯಾರ ಜಗಳ ಕೋರ್ಟಿಗೆ ಹೋಯಿತು, ಬಾವಿಗೆ ನೀರು ಬಂತೋ ಇಲ್ಲವೋ.

ಕೆಲಸ ಮುಗಿದ ಮೇಲೂ ಸುಹಾಸಿನಿ ಭಾನುವಾರಗಳಲ್ಲಿ ಅಲ್ಲಿಗೆ ಹೋಗುವುದು ನಿಲ್ಲಲಿಲ್ಲ. ಚಳಿಗಾಲ ಬಂತೆಂದರೆ ಶಿವದೇವಿ ಊರಿಂದ ಬಂದ ಎಳೆಜೋಳದ ತೆನೆಗಳನ್ನು ಸೀರೆಯ ತುಂಡಿನಲ್ಲಿ ಕಟ್ಟಿಕೊಡುತ್ತಿದ್ದಳು. ಯಮುನಾಬಾಯಿ ಮಡಿಯ ಹೆಂಗಸು. ಹೊರಗಿನ ಬೇಯಿಸಿದ್ದನ್ನು ಮುಟ್ಟುತ್ತಿರಲಿಲ್ಲ. ತೆನೆಗೆ ಆ ಅಡ್ಡಿ ಇರಲಿಲ್ಲ. ಇದ್ದಿಲ ಶೆಗಡಿಯ ಮುಂದೆ ಕೂತು ತೆನೆ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಹಸಿರು ಕಾಳನ್ನು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಸೀತನಿ ಅಂದ್ರ ಇದು. ನಿಮ್ಮಪ್ಪ ಹೊಲದಾಗ ಕೂತು ತಿನ್ನೋರು. ನಿನಗೇನು ಗೊತ್ತು, ನೀ ಪ್ಯಾಟಿ ಹುಡುಗಿ," ಎನ್ನುತ್ತಿದ್ದರು. ಒಂದು ವರ್ಷ ಶಿವದೇವಿ ತಾನೇ ತೆನೆ ತಂದುಕೊಟ್ಟಳು. ಯಮುನಾಬಾಯಿ ಅವಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಸೇಡಂ ಬಜಾರಿನ ಅಂಗಡಿಗಳನ್ನು ಒಂದೊಂದಾಗಿ ಕೇಳಿದರು. ಅವರು ಕೇಳಿದ ಅರ್ಧ ಅಂಗಡಿಗಳು ಮುಚ್ಚಿಹೋಗಿದ್ದವು. ಶಿವದೇವಿ ಮಾತ್ರ ಪ್ರತಿಯೊಂದಕ್ಕೂ "ಐತ್ರಿ, ಐತ್ರಿ," ಎಂದೇ ಹೇಳಿದಳು.

ಈ ಮಧ್ಯೆ ಸುಹಾಸಿನಿಯೂ ಹನುಮಂತರಾಯರೂ ನಾಲೆಯ ಗುಂಟ ಮೇಲಕ್ಕೆ ನಡೆದು ಎರ್ರಕುಂಟೆಯನ್ನು ನೋಡಿ ಬಂದರು. ಕೆರೆಯ ಅಂಗಳದ ಕಾಲುಭಾಗ ಕಟ್ಟಡದ ಕಸದಿಂದ ಮುಚ್ಚಿಹೋಗಿತ್ತು. ಅಲ್ಲೂ ಶೆಡ್ಡು ಕಟ್ಟಲು ಅರ್ಜಿಗಳು ಬಿದ್ದಿದ್ದವು. ರಾಯರು ಅಳತೆ ಮಾಡಿದರು. ಈ ಕಸ ತೆಗೆಸಿ ಒಡ್ಡು ಗಟ್ಟಿ ಮಾಡಿದರೆ ದೊಡ್ಡ ಮಳೆಯ ನೀರನ್ನು ಕೆರೆಯೇ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ, ಕೆಳಗೆ ಅಷ್ಟು ದೊಡ್ಡ ಗೋಡೆಯೇ ಬೇಕಿಲ್ಲ ಎಂದರು. ಆದರೂ ತಗ್ಗಿನ ದಡಕ್ಕೆ ಒಂದಲ್ಲ ಒಂದು ವರ್ಷ ನೀರು ಏರಿಯೇ ಏರುತ್ತದೆ. ಅಲ್ಲಿರುವವರು ಎತ್ತರಕ್ಕೆ ಹೋಗಬೇಕು. ಸುಹಾಸಿನಿ ಬಸ್ತಿಯ ಕೂಲಿ, ಜ್ವರ, ಬಿಟ್ಟ ಶಾಲೆ ಎಲ್ಲವನ್ನೂ ನಷ್ಟಕ್ಕೆ ಸೇರಿಸಿ ಹೊಸದಾಗಿ ಲೆಕ್ಕ ಹಾಕಿದರು. ಕೆರೆ ಉಳಿಸಿ ಜನರನ್ನು ಎತ್ತರಕ್ಕೆ ಒಯ್ಯುವುದು ಗೋಡೆಗಿಂತ ಅಗ್ಗವೂ ಆಗುತ್ತಿತ್ತು, ಹೆಚ್ಚು ಜೀವಗಳನ್ನೂ ಉಳಿಸುತ್ತಿತ್ತು.

ಸಭೆಯಲ್ಲಿ ಒಬ್ಬ ಹಿರಿಯ ಅಧಿಕಾರಿ ಹಾಳೆ ತಿರುವಿ ನಕ್ಕರು. "ಏನಮ್ಮಾ, ಜ್ವರಕ್ಕೂ ಬೆಲೆ ಕಟ್ಟಿದ್ದೀರಾ?"

"ನಾನು ಕಟ್ಟಿಲ್ಲ ಸಾರ್. ಅವರು ಕೊಟ್ಟಿದ್ದಾರೆ. ನಾನು ಕೂಡಿಸಿದ್ದೇನೆ," ಎಂದರು ಸುಹಾಸಿನಿ. ಹನುಮಂತರಾಯರು ಮೇಜಿನ ಕೆಳಗೆ ಮುಷ್ಟಿ ಬಿಗಿಹಿಡಿದು ಕೂತಿದ್ದರಂತೆ.

ಮೂರು ಮಳೆಗಾಲ ಹೋದ ಮೇಲೆ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಎರ್ರಕುಂಟೆಯ ಅರ್ಜಿಗಳು ರದ್ದಾದವು, ಕಸ ತೆಗೆಸಿ ಒಡ್ಡು ಗಟ್ಟಿ ಮಾಡಿದರು. ಬಸ್ತಿಗೆ ಗೋದಾಮಿನ ಹಿಂದಿನ ಎತ್ತರದ ಜಾಗ ಕೊಡಿ, ಸ್ಟೇಷನ್ನಿಗೂ ಕೆಲಸಕ್ಕೂ ನಡೆದುಹೋಗಬಹುದು ಎಂದು ಸುಹಾಸಿನಿ ಬರೆದಿದ್ದರು. ಆ ಜಾಗ ಸಿಗಲಿಲ್ಲ. ಸಿಕ್ಕಿದ್ದು ಊರಾಚೆ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಗೊಲ್ಲಗುಟ್ಟ ಎಂಬ ಗುಡ್ಡ. ಬೇಡವೆಂದರೆ ಇಡೀ ಯೋಜನೆ ಮತ್ತೆ ಮೊದಲಿನಿಂದ. ಮತ್ತೊಂದು ಮಳೆಗಾಲ ಎದುರಿಗಿತ್ತು.

"ಏನು ಮಾಡ್ಲಿ ರಾಯರ?"

ಹನುಮಂತರಾಯರು ಫೈಲನ್ನು ಅವರ ಕಡೆಗೆ ಸರಿಸಿದರು. "ನೀರಿಗೆ ನಮ್ಮ ಫೈಲು ಎಲ್ಲಿಗೆ ಬಂತು ಅಂತ ಗೊತ್ತಿರೂದಿಲ್ಲ ಬಾಯಾರ. ಅದು ಬಂದೇ ಬಿಡ್ತದ."

ಸುಹಾಸಿನಿ ಸಹಿ ಮಾಡಿದರು.

ಲಾರಿಗಳು ಬಂದ ದಿನ ಬಸ್ತಿಯಲ್ಲಿ ಅಳುವಿರಲಿಲ್ಲ. ಸಂಭ್ರಮವೇ ಇತ್ತು. ಇಟ್ಟಿಗೆಯ ಗೋಡೆ, ನಳ, ಪಟ್ಟಾ ಕಾಗದ. ಮಲ್ಲಣ್ಣ ತನ್ನ ಮನೆಯ ತಗಡುಗಳನ್ನು ತಾನೇ ಹೊತ್ತು ಲಾರಿಗೇರಿಸಿದ. ಎಲ್ಲ ಏರಿಸಿದ ಮೇಲೆ ಶಿವದೇವಿ ಹಳಿಯ ಕಡೆ ನೋಡುತ್ತ ನಿಂತಳು.

"ಬಾಯಾರ, ಊರಿಂದ ಬಂದವ್ರಿಗೆ ನಾವೆಲ್ಲಿ ಹೋಗೀವಂತ ಹೆಂಗ ಗೊತ್ತಾಗಬೇಕ್ರಿ?"

"ಸ್ಟೇಷನ್ನಿನ ಚಾದ ಅಂಗಡಿಯವಗ ಹೇಳಿಡೋಣ."

ಹೇಳಿಯೂ ಇಟ್ಟರು. ಚಹಾದವನು ಒಳ್ಳೆಯವನು, ಒಂದು ವರ್ಷ ಕೇಳಿದವರಿಗೆಲ್ಲ ದಾರಿ ಹೇಳಿದ. ಆಮೇಲೆ ಅವನ ಡಬ್ಬಿ ಅಂಗಡಿಯನ್ನು ಎಬ್ಬಿಸಿದರು. ಅಷ್ಟಕ್ಕೂ ದಾರಿ ಗೊತ್ತಾದವರೂ ಬರುವುದು ಕಡಿಮೆಯಾಗಿತ್ತು. ಗಾಡಿ ಇಳಿದು ಹಳಿ ದಾಟುವುದು ಬೇರೆ, ಗಂಟು ಹೊತ್ತುಕೊಂಡು ಗೊತ್ತಿಲ್ಲದ ಭಾಷೆಯ ಬಸ್ಸು ಎರಡು ಸಲ ಹತ್ತಿ ಇಳಿಯುವುದು ಬೇರೆ. ಸಂಜೆಯಾಗುತ್ತಿತ್ತು, ದಾರಿ ತಪ್ಪುತ್ತಿದ್ದರು. ಮುಂದಿನ ಸಲ ಬೇರೆ ಯಾರದಾದರೂ ಮನೆ ನೋಡಿಕೊಳ್ಳುತ್ತಿದ್ದರು.

ಸುಹಾಸಿನಿ ಮೊದಮೊದಲು ತಿಂಗಳಿಗೊಮ್ಮೆ ಗೊಲ್ಲಗುಟ್ಟಕ್ಕೆ ಹೋದರು. ಆಮೇಲೆ ತಾಯಿಗೆ ಸೊಂಟದ ಮೂಳೆ ಮುರಿಯಿತು, ಭಾನುವಾರಗಳು ಮನೆಯಲ್ಲೇ ಕಳೆದವು. ಪುಷ್ಯಮಾಸ ಬಂತೆಂದರೆ ಯಮುನಾಬಾಯಿ ಹಾಸಿಗೆಯಿಂದಲೇ ಕೇಳುತ್ತಿದ್ದರು:

"ಈ ವರ್ಷಾನೂ ಸೀತನಿ ಬರಲಿಲ್ಲೇನು?"

"ಅವರಿಗೇ ಬಂದಿಲ್ಲವ್ವಾ. ಊರವರು ಬರೂದು ಕಡಿಮಿ ಆಗೇದ."

ಒಂದು ಸಲ ಸುಹಾಸಿನಿ ಅಬಿಡ್ಸಿನಿಂದ ಬರುವಾಗ ಎಳೆಯ ಮೆಕ್ಕೆಜೋಳ ಕೊಂಡು ತಂದು, ಸುಟ್ಟು, ಕಾಳು ಬಿಡಿಸಿ ತಾಯಿಯ ಕೈಯಲ್ಲಿಟ್ಟರು. ಮುದುಕಿ ಎರಡು ಕಾಳು ಅಗಿದು, "ಚಲೋ ಅದ," ಎಂದರು. ಉಳಿದದ್ದು ಬೆಳಿಗ್ಗೆಯೂ ತಟ್ಟೆಯಲ್ಲೇ ಇತ್ತು. ತೊಂಬತ್ತನಾಲ್ಕರಲ್ಲಿ ಅವರು ತೀರಿಕೊಂಡರು. ಆಮೇಲೆ ಸುಹಾಸಿನಿಗೆ ಮನೆಯಲ್ಲಿ ಕನ್ನಡ ಆಡಲು ಯಾರೂ ಉಳಿಯಲಿಲ್ಲ. ಗೊಲ್ಲಗುಟ್ಟಕ್ಕೆ ಹೋಗಬೇಕೆನಿಸುತ್ತಿತ್ತು. ಆದರೆ ಶಿವದೇವಿ ತಾಯಿಯನ್ನು ಕೇಳುತ್ತಾಳೆ, ಹೇಳಬೇಕಾಗುತ್ತದೆ, ಅಳು ಬರುತ್ತದೆ. ಇವತ್ತು ಬೇಡ, ಮುಂದಿನ ವಾರ ಎಂದುಕೊಂಡೇ ವರ್ಷಗಳು ಹೋದವು.

ಎರಡು ಸಾವಿರದ ಇಸವಿಯ ಆಗಸ್ಟಿನಲ್ಲಿ ನಗರದ ಮೇಲೆ ಮಳೆ ಬಿಡದೆ ಸುರಿಯಿತು. ಅಷ್ಟು ಹೊತ್ತಿಗೆ ಅಮೀರ್‌ಪೇಟೆಯ ತುಂಬ ಕಂಪ್ಯೂಟರ್ ಕಲಿಸುವ ಸಂಸ್ಥೆಗಳು. ನೆಲಮಾಳಿಗೆಗೆ ನೀರು ನುಗ್ಗಿ, ಹಾಸ್ಟೆಲಿನ ಹುಡುಗರು ತಲೆಯ ಮೇಲೆ ಕಂಪ್ಯೂಟರ್ ಹೊತ್ತು ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದರು. ಬೆಳಿಗ್ಗೆ ಫೋನು ಬಂತು. ನಿವೃತ್ತರಾಗಿ ಸನತ್‌ನಗರದ ಹತ್ತಿರವೇ ಮನೆ ಮಾಡಿದ್ದ ಹನುಮಂತರಾಯರು.

"ಬಾಯಾರ, ಬರ್ರಿ. ಎರ್ರಕುಂಟಿ ನೋಡೋಣ. ನನಗೊಬ್ಬಗ ಧೈರ್ಯ ಸಾಲವಲ್ದು."

ಮಳೆ ಸ್ವಲ್ಪ ಹೊಳವಾದ ಮೇಲೆ ಇಬ್ಬರೂ ಕೊಡೆ ಹಿಡಿದು ಹೋದರು. ಕೆರೆ ಅಂಚಿನವರೆಗೆ ತುಂಬಿತ್ತು. ಒಡ್ಡು ನಿಂತಿತ್ತು. ಕೋಡಿಯ ಮೇಲೆ ಕೆಂಪು ನೀರು ಒಂದೇ ಹದದಲ್ಲಿ ಹೊರಳಿ ಕೆಳಗೆ ಹೋಗುತ್ತಿತ್ತು. ರಾಯರು ಒಡ್ಡಿನ ಕಲ್ಲುಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಕೆಳಗಿಳಿದು ಹಳೆಯ ಬಸ್ತಿಯ ಜಾಗಕ್ಕೆ ಬಂದರು. ಶಿವದೇವಿಯ ಮನೆಯಿದ್ದಲ್ಲಿ ಆಳೆತ್ತರದ ನೀರು. ಕಾಡುಗಿಡಗಳ ತುದಿಗಳು ಮಾತ್ರ ಮೇಲೆ ಕಾಣುತ್ತಿದ್ದವು. ಕೂಗುವವರಿರಲಿಲ್ಲ, ಓಡುವವರಿರಲಿಲ್ಲ, ಹುಡುಕುವವರೂ ಇರಲಿಲ್ಲ.

"ಇವತ್ತು ಇಲ್ಲಿ ಯಾರೂ ಸತ್ತಿಲ್ಲ," ಎಂದರು ರಾಯರು. "ಇದು ನಾಳೆ ಪೇಪರಿನ್ಯಾಗ ಬರೂದಿಲ್ಲ. ಸತ್ತಿದ್ರ ಬರ್ತಿತ್ತು. ನಮ್ಮಿಬ್ಬರಿಗೆ ಗೊತ್ತಿದ್ರ ಸಾಕು ಬಿಡ್ರಿ."

ಆ ನೀರಿನ ಮುಂದೆ ನಿಂತು ಸುಹಾಸಿನಿಗೆ ಯಾವತ್ತೂ ಆಗದಷ್ಟು ತೃಪ್ತಿಯಾಯಿತು. ತಟ್ಟನೆ ಅದನ್ನು ಹೇಳಿಕೊಳ್ಳಲು ಒಬ್ಬಳು ಬೇಕೆನಿಸಿತು.

ಬಸ್ಸುಗಳು ಓಡತೊಡಗಿದ ಕೂಡಲೇ ಅವರು ಗೊಲ್ಲಗುಟ್ಟಕ್ಕೆ ಹೋದರು. ಗುಡ್ಡದ ಕಾಲನಿ ಒಣಗಿ ನಿಂತಿತ್ತು. ಮನೆಗಳ ಮೇಲೆ ಮಹಡಿಗಳೆದ್ದಿದ್ದವು, ಕಿರಾಣಿ ಅಂಗಡಿ, ಶಾಲೆ ಬಂದಿದ್ದವು. ಶಿವದೇವಿಯ ಕೂದಲು ಬೆಳ್ಳಗಾಗಿತ್ತು. ಸುಹಾಸಿನಿಯನ್ನು ಬಾಗಿಲಲ್ಲಿ ಕಂಡವಳೇ ಎರಡೂ ಕೈ ಹಿಡಿದುಕೊಂಡಳು. ತಾಯಿಯ ವಿಷಯ ಕೇಳಲಿಲ್ಲ. ತಾಯಿ ಕಳಿಸಿದ್ದೇನೂ ಇಲ್ಲದ ಬರಿಗೈ ನೋಡಿ, ಮುಖ ನೋಡಿ, ತಾನೇ ತಿಳಿದುಕೊಂಡು, "ದೊಡ್ಡ ಬಾಯಾರು ಪುಣ್ಯವಂತ್ರು," ಎಂದಷ್ಟೇ ಹೇಳಿದಳು.

ಸುಹಾಸಿನಿ ನಾಲೆಯ ಸುದ್ದಿ ಹೇಳಿದರು. ಮಂಚದ ಮೇಲಿದ್ದ ಮಲ್ಲಣ್ಣ ಎದ್ದು ಕೂತು ಕೈಮುಗಿದ. ಹಮಾಲಿಯಿಂದ ಅವನ ಬೆನ್ನು ಹೋಗಿತ್ತು. "ಅಲ್ಲೇ ಇದ್ದಿದ್ರ ಹೆಣ ಸುದ್ದಾ ಸಿಗ್ತಿರಲಿಲ್ರಿ ನಮ್ಮವು."

"ಹೌದ್ರಿ. ಜೀವಾ ಉಳಿಸೀರಿ, ಅದಕ್ಕ ಎರಡು ಮಾತಿಲ್ಲ," ಎಂದಳು ಶಿವದೇವಿ. ಚಹಾ ಸೋಸಿ ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಪ್ಯಾಸೆಂಜರ್ ಈಗೂ ಬರ್ತೈತೇನ್ರಿ ಅಲ್ಲಿಗೆ?"

"ಬರ್ತದ."

"ಒಂದ್ಸಲ ಕರಕೊಂಡು ಹೋಗ್ರಿ ಬಾಯಾರ. ನೀರು ನೋಡಾಕಲ್ಲ."

ಆ ಮಧ್ಯಾಹ್ನವೇ ಹೊರಟರು. ಎರಡು ಬಸ್ಸು ಬದಲಿಸಿ ಸ್ಟೇಷನ್ನಿಗೆ ಬಂದು ಕಾಲುಸೇತುವೆ ಹತ್ತಿದರು. ಕೆಳಗೆ ನೀರು ಇಳಿಯುತ್ತ ಹಳೆಯ ದಡ ಕೆಸರಾಗಿ ಬಿದ್ದಿತ್ತು. ಶಿವದೇವಿ ಅತ್ತ ಒಮ್ಮೆ ನೋಡಿ, ಹಳಿ ಪಶ್ಚಿಮಕ್ಕೆ ಹೋಗುವ ಕಡೆಗೆ ಮುಖ ಮಾಡಿ ನಿಂತಳು.

"ಮನಿ ಚಲೋ ಐತ್ರಿ. ಮಕ್ಕಳ ಮದಿವಿ ಆತು. ಉಣ್ಣಾಕ ತಿನ್ನಾಕ ಕಮ್ಮಿ ಇಲ್ಲ. ಆದ್ರ ಮಂದಿ ಬರೂದು ನಿಂತ್‌ಹೋತು ನೋಡ್ರಿ. ಮೊದಲಿಗೆ ಅಡಿಗಿ ಮಾಡುವಾಗ ನಾಕು ರೊಟ್ಟಿ ಜಾಸ್ತಿ ತಟ್ಟತಿದ್ದೆ, ಯಾರರ ಬಂದಾರಂತ. ಈಗ ಇಬ್ಬರಿಗೆ ಆಗೂವಷ್ಟ ತಟ್ಟತೀನಿ. ಕೈ ತಾನ ನಿಂದರತೈತಿ."

ಬಸ್ಸಿನ ಖರ್ಚು, ಕೆಲಸಕ್ಕೆ ದೂರವಾಗುವುದು, ಎಲ್ಲವನ್ನೂ ಸುಹಾಸಿನಿ ಅಂದು ಲೆಕ್ಕಕ್ಕೆ ಹಿಡಿದಿದ್ದರು. ಇದನ್ನು ಹಿಡಿದಿರಲಿಲ್ಲ. ಹಿಡಿದಿದ್ದರೂ ಸಹಿ ಮಾಡುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಶಿವದೇವಿಗೂ ಗೊತ್ತಿತ್ತು. ಆದರೂ ಇಬ್ಬರಿಗೂ ಆ ದಡ ಬೇಕಾಗಿತ್ತು.

ಪ್ಯಾಸೆಂಜರ್ ಬರುವ ಹೊತ್ತಾಯಿತು, ದಾಟಿತು. ಕೊನೆಗೆ ಮೈಕಿನಲ್ಲಿ ಹೇಳಿದರು: ಹಳಿಯ ಮೇಲೆ ನೀರು ನಿಂತದ್ದರಿಂದ ವಾಡಿ ಗಾಡಿ ಇವತ್ತು ರದ್ದು.

"ಬರೂದಿಲ್ಲಂತೇನ್ರಿ?"

"ಇವತ್ತ ಬರೂದಿಲ್ಲಂತ."

ಶಿವದೇವಿ ತಲೆಯಾಡಿಸಿದಳು. ಆದರೂ ಕಂಬಿಯ ಮೇಲಿಟ್ಟ ಕೈ ತೆಗೆಯಲಿಲ್ಲ. "ಊರಾಗೂ ಹಿಂಗ ಸುರದಿರಬೇಕ್ರೀ? ಈಗ ತೊಗರಿ ಮ್ಯಾಲೆ ಬಂದಿರತೈತಿ. ನೀರು ನಿಂತ್ರ ಕೊಳತು ಹೋಗತೈತಿ."

ಸುಹಾಸಿನಿಯ ಕಚೇರಿಗೆ ಆಂಧ್ರದ ಪ್ರತಿ ಮಂಡಲದ ಮಳೆಯ ವರದಿ ದಿನಾ ಬರುತ್ತಿತ್ತು. ತಾಂಡೂರಿನದು ಬರುತ್ತಿತ್ತು. ಅದರಾಚೆ ಗಡಿ. ಅವರ ನಕಾಶೆಯಲ್ಲಿ ಸೇಡಂನ ಜಾಗ ಬರೀ ಬಿಳಿ ಕಾಗದ. "ಗೊತ್ತಿಲ್ಲ ಶಿವದೇವಿ. ಕೇಳಿ ಹೇಳ್ತೀನಿ," ಎಂದರು.

ಮರುದಿನ ಅವರು ಗುಲ್ಬರ್ಗಾದಲ್ಲಿ ಮಳೆಯ ಲೆಕ್ಕವಿಡುವ ಒಂದು ಕಚೇರಿಗೆ ಫೋನು ಹಚ್ಚಿದರು. ಎತ್ತಿದ ಗುಮಾಸ್ತರ ಹೆಸರು ಚನ್ನಬಸಪ್ಪ.

"ಸೇಡಂ ಮಳಿ? ಆಂಧ್ರಾದವ್ರಿಗೆ ಅದ್ಯಾಕ ಬೇಕ್ರಿ ಮೇಡಂ?"

"ಸೇಡಂನ ಕಾಗಿಣಾ ಹೊಳಿ ಭೀಮಾಕ್ಕ ಬೀಳ್ತದ, ಭೀಮಾ ಕೃಷ್ಣಾಕ್ಕ. ಕಡೀಗೆ ನಮ್ಮ ಕಡೆನೇ ಬರ್ತದಲ್ರಿ ನೀರು."

"ಅದೂ ಖರೇನ ಅನ್ರಿ," ಎಂದು ಚನ್ನಬಸಪ್ಪ ಮಳೆಯ ಅಂಕಿ ಓದಿ ಹೇಳಿದರು. ಆ ಭಾನುವಾರ ಸುಹಾಸಿನಿ ಗೊಲ್ಲಗುಟ್ಟಕ್ಕೆ ಹೋಗಿ, ಊರಿನಲ್ಲಿ ಮಳೆ ಇಲ್ಲಿಯಷ್ಟಿಲ್ಲ, ತೊಗರಿಗೆ ಧಕ್ಕೆಯಿಲ್ಲ ಎಂದರು. ಶಿವದೇವಿ ಅದನ್ನು ಮಲ್ಲಣ್ಣನಿಗೆ ಹೇಳಿದಳು, ಪಕ್ಕದ ಮನೆಗೆ ಹೇಳಿದಳು. ಗಲ್ಲಿಯ ನಾಲ್ಕಾರು ಹೆಂಗಸರು ಬಂದು ತಮ್ಮ ತಮ್ಮ ಊರಿನ ಮಳೆ ಕೇಳಿದರು. ಚಿತ್ತಾಪುರದ್ದು, ಯಾದಗಿರಿಯದ್ದು.

ಅಂದಿನಿಂದ ಅದೊಂದು ರೂಢಿಯಾಯಿತು. ಮಳೆಗಾಲದುದ್ದಕ್ಕೂ ಸುಹಾಸಿನಿ ಮಳೆಯ ಸುದ್ದಿ ಹೊತ್ತು ಗುಡ್ಡ ಹತ್ತುತ್ತಿದ್ದರು. ಅಂಕಿ ಹೇಳಿದರೆ ಆ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಬಾವಿಗೆ ಇಳಿಯುವಷ್ಟು ಆಯಿತೋ, ಬರೀ ಧೂಳು ಅಡಗುವಷ್ಟೋ ಎಂದು ಹೇಳುವುದನ್ನು ಸುಹಾಸಿನಿ ಕಲಿತರು. ಕಚೇರಿಯಲ್ಲಿ ಅವರ ಮುಂದೆ ಬೇರೆ ನಾಲೆಗಳ, ಬೇರೆ ಬಸ್ತಿಗಳ ಯೋಜನೆಗಳು ಬಂದವು. ಪ್ರತಿಯೊಂದರಲ್ಲೂ ಜನರನ್ನು ನಡೆದುಹೋಗುವಷ್ಟು ಹತ್ತಿರದಲ್ಲೇ ಇರಿಸಬೇಕೆಂದು ಜಗಳ ತೆಗೆದರು. ಎರಡು ಕಡೆ ಅವರ ಮಾತು ನಡೆಯಿತು, ಉಳಿದ ಕಡೆ ನಡೆಯಲಿಲ್ಲ. ನಿವೃತ್ತರಾದ ಮೇಲೆ ತಮ್ಮ ಖರ್ಚಿನಲ್ಲೇ ಗುಲ್ಬರ್ಗಾಕ್ಕೆ ಫೋನು ಮಾಡುತ್ತಿದ್ದರು. ಚನ್ನಬಸಪ್ಪನವರ ಮುಖವನ್ನು ಅವರು ಕೊನೆಗೂ ನೋಡಲಿಲ್ಲ.

ಮಲ್ಲಣ್ಣ ತೀರಿಕೊಂಡ ಮರುವರ್ಷ ಆಷಾಢದಲ್ಲಿ ಒಂದು ಭಾನುವಾರ ಸುಹಾಸಿನಿ ಹೋದಾಗ ಶಿವದೇವಿ ಮಾಳಿಗೆಯ ಮೇಲೆ ಸಂಡಿಗೆ ತೆಗೆಯುತ್ತಿದ್ದಳು.

"ಏನಂತ್ರಿ ಊರಾಗ?"

"ಈ ಸಲ ಗೊತ್ತಾಗಲಿಲ್ಲ. ಚನ್ನಬಸಪ್ಪನವರು ರಿಟೈರ್ ಆದ್ರಂತ. ಹೊಸಬರು ಫೋನಿನ್ಯಾಗ ಹೇಳೂದಿಲ್ಲ ಅಂದ್ರು."

ಶಿವದೇವಿ ಮೊರವನ್ನು ಕೆಳಗಿಟ್ಟು ಮಾಳಿಗೆಯ ಪಶ್ಚಿಮದ ಅಂಚಿಗೆ ಹೋದಳು. ಗುಡ್ಡದ ಕೆಳಗೆ ಮನೆಗಳು, ಅದರಾಚೆ ಹೊಸ ರಸ್ತೆ, ಅದರಾಚೆ ಬಯಲು. ಬಯಲಿನ ತುದಿಯಲ್ಲಿ ಮೋಡ ದಟ್ಟವಾಗಿ ಕೂತಿತ್ತು.

"ಅತ್ತ ಕಪ್ಪಾಗೈತಿ ನೋಡ್ರಿ."

ಅದು ವಿಕಾರಾಬಾದಿನ ಮೇಲಿನ ಮೋಡವಿರಬೇಕು, ಸೇಡಂ ಇನ್ನೂ ಬಹಳ ದೂರ ಎಂದು ಸುಹಾಸಿನಿಗೆ ಗೊತ್ತಿತ್ತು. ಆದರೂ ಹೋಗಿ ಪಕ್ಕದಲ್ಲಿ ನಿಂತರು. ಕತ್ತಲಾಗುವವರೆಗೆ ಇಬ್ಬರೂ ಕೆಳಗಿಳಿಯಲಿಲ್ಲ.